ಯೆಹೂದ್ಯರ ಧರ್ಮಪೆಟ್ಟಿಗೆ: ಊರನಿಧಿಗೆ ಕೊಡುವುದೇಕೆ?



ದಾನವನ್ನು ಹೊಗಳದ ಧರ್ಮ ಜಗತ್ತಿನಲ್ಲಿಲ್ಲ. ಆದರೆ ದಾನವನ್ನು ಹೊಗಳುವುದು ಬೇರೆ, ಅದನ್ನು ಒಂದು ಊರಿನ ನಿತ್ಯವ್ಯವಸ್ಥೆಯಾಗಿ ಕಟ್ಟಿ ನಿಲ್ಲಿಸುವುದು ಬೇರೆ. ಹೊಗಳಲು ಬಾಯಿ ಸಾಕು. ವ್ಯವಸ್ಥೆಗೆ ನಿಯಮ ಬೇಕು, ಗೊತ್ತಾದ ದಿನ ಬೇಕು, ಲೆಕ್ಕ ಬೇಕು, ನಂಬಿಕೆಗೆ ತಕ್ಕ ಜನ ಬೇಕು. ಇವೆಲ್ಲವನ್ನೂ ಸುಮಾರು ಎರಡು ಸಾವಿರ ವರ್ಷಗಳಷ್ಟು ದೀರ್ಘಕಾಲ, ಬಹುಪಾಲು ತಮ್ಮದೆಂಬ ರಾಜ್ಯವೇ ಇಲ್ಲದೆ, ಪರರ ನಾಡುಗಳಲ್ಲಿ ಚದುರಿ ಬಾಳುತ್ತಲೇ ಉಳಿಸಿಕೊಂಡು ಬಂದ ಜನಾಂಗವೊಂದುಂಟು. ಅವರೇ ಯೆಹೂದ್ಯರು. ಅವರ ಊರೂರಿನ ಧರ್ಮನಿಧಿಯ ಇತಿಹಾಸವನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಉಳ್ಳವನು ತನ್ನ ಮನೆಯ ಬಾಗಿಲಿಗೆ ಬಂದ ಬಡವನಿಗೆ ತಾನೇ ಕೈಯಾರೆ ಕೊಡಬಹುದಲ್ಲವೆ? ಊರಿನ ಪೆಟ್ಟಿಗೆಗೆ ಹಾಕಿ, ಬೇರೊಬ್ಬರ ಕೈಯಿಂದ ಹಂಚಿಸುವುದೇಕೆ? ಜಗತ್ತಿನಲ್ಲೆಲ್ಲ ಬಡವರಿರುವಾಗ ತನ್ನ ಊರಿನ ಪೆಟ್ಟಿಗೆಗೇ ಕೊಡಬೇಕೆಂಬುದೇಕೆ? ಈ ಪ್ರಶ್ನೆಗಳನ್ನು ನಮ್ಮ ಭಕ್ತರೂ ಆಗಾಗ ಕೇಳುವುದುಂಟು. ಯೆಹೂದ್ಯರ ಇತಿಹಾಸವು ಇದಕ್ಕೆ ವಾದದಿಂದಲ್ಲದೆ ಆಚರಣೆಯಿಂದಲೇ ಉತ್ತರ ಕೊಟ್ಟಿದೆ.

ಮೊದಲು ಶಬ್ದವನ್ನು ವಿಚಾರಿಸೋಣ. ದಾನಕ್ಕೆ ಹೀಬ್ರೂ ಭಾಷೆಯಲ್ಲಿ 'ತ್ಸೆದಾಕಾ' ಎಂದು ಹೆಸರು. ಇದು 'ತ್ಸೆದೆಕ್' ಎಂಬ ಪದಕ್ಕೆ ಸಂಬಂಧಿಸಿದುದು; ತ್ಸೆದೆಕ್ ಎಂದರೆ ನ್ಯಾಯ, ನೀತಿ. ಕನಿಕರವೆಂಬ ಅರ್ಥ ಈ ಧಾತುವಿನಲ್ಲಿಲ್ಲ. ಬಡವನಿಗೆ ಕೊಟ್ಟವನು ಉದಾರಿ ಎನಿಸಿಕೊಳ್ಳುವುದಿಲ್ಲ, ಸಲ್ಲಬೇಕಾದುದನ್ನು ಸಲ್ಲಿಸಿದವನಾಗುತ್ತಾನೆ. ಕೊಡದವನು ಬರಿಯ ಜಿಪುಣನಾಗಿ ಉಳಿಯುವುದಿಲ್ಲ, ಬಾಕಿ ಉಳಿಸಿಕೊಂಡವನಾಗುತ್ತಾನೆ. ನಮ್ಮ ಹಳ್ಳಿಗಳ ಸುಗ್ಗಿಯಲ್ಲಿ ಕಣದ ಮೇಲೆ ಆಯಗಾರರಿಗೆ ಆಯ ಅಳೆದು ಕೊಡುತ್ತಿದ್ದುದನ್ನು ಕಂಡ ಹಿರಿಯರಿಗೆ ಈ ಭಾವನೆ ಬೇಗ ಅರ್ಥವಾದೀತು. ಬಡಗಿಯಾಗಲಿ ಕಮ್ಮಾರನಾಗಲಿ ಕಣದಲ್ಲಿ ಬೇಡಲು ನಿಂತಿರಲಿಲ್ಲ. ತನ್ನ ಪಾಲಿಗಾಗಿ ನಿಂತಿದ್ದನು. ಆಯಗಾರನ ಪಾಲು ಅವನ ದುಡಿಮೆಗೆ ಸಂದುದು. ಯೆಹೂದ್ಯ ಶಾಸ್ತ್ರದಲ್ಲಿ ಬಡವನ ಪಾಲು ಅವನ ಅಗತ್ಯಕ್ಕೆ ಸಂದುದು. ಭೇದ ಅಷ್ಟೇ; ಹಕ್ಕಿನ ಮಾತು ಎರಡರಲ್ಲಿಯೂ ಒಂದೇ.

ಈ ಭಾವನೆಯ ಮೂಲವಿರುವುದು ಹೊಲದಲ್ಲಿ. ಮೋಶೆಯ ಹೆಸರಿನಲ್ಲಿ ಬಂದ ಧರ್ಮಶಾಸ್ತ್ರದ ಯಾಜಕಕಾಂಡವು ಪೈರನ್ನು ಕೊಯ್ಯುವಾಗ ಹೊಲದ ಮೂಲೆಗಳನ್ನು ಕೊಯ್ಯದೆ ಬಿಡಬೇಕೆಂದೂ, ಕೆಳಗೆ ಬಿದ್ದ ಹಕ್ಕಲನ್ನು ಒಡೆಯನು ಆರಿಸಿಕೊಳ್ಳಬಾರದೆಂದೂ, ಅವು ಬಡವರಿಗೂ ಪರದೇಶಿಗೂ ಸೇರಿದವೆಂದೂ ವಿಧಿಸುತ್ತದೆ. ಧರ್ಮೋಪದೇಶಕಾಂಡವು ಮರೆತು ಬಿಟ್ಟ ಸಿವುಡನ್ನು ತರಲು ಹಿಂದಿರುಗಬಾರದೆಂದು ಹೇಳುತ್ತದೆ. ಅದು ಪರದೇಶಿ, ಅನಾಥ, ವಿಧವೆ ಇವರ ಪಾಲು. ಮೂರು ವರ್ಷಗಳಿಗೊಮ್ಮೆ ಬೆಳೆಯ ದಶಾಂಶವನ್ನು ಊರಿನಲ್ಲಿಯೇ ಇಂಥವರಿಗಾಗಿ ಕೂಡಿಡಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಮೋವಾಬ ದೇಶದಿಂದ ಬಂದ ರೂತಳೆಂಬ ವಿಧವೆ ಬೋವಜನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದ ಕಥೆ ಪ್ರಸಿದ್ಧವಾದುದು. ಆಕೆ ಪರದೇಶದವಳು, ಆದರೂ ಆ ಹೊಲದಲ್ಲಿ ಆಕೆಗೆ ಪಾಲಿತ್ತು.

ಕ್ರಿ. ಶ. ೭೦ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡಿದರು. ಬರಬರುತ್ತ ಯೆಹೂದ್ಯರಲ್ಲಿ ಅನೇಕರು ಹೊಲಗಳಿಂದ ದೂರವಾಗಿ ಪರನಾಡುಗಳ ಪಟ್ಟಣಗಳಲ್ಲಿ ವ್ಯಾಪಾರಿಗಳೂ ಕುಶಲಕರ್ಮಿಗಳೂ ಆದರು. ಹೊಲವಿಲ್ಲದವನು ಹೊಲದ ಮೂಲೆಯನ್ನು ಬಿಡುವುದೆಲ್ಲಿಂದ? ಧರ್ಮದ ವಿಧಿಯು ಬದುಕಬೇಕಾದರೆ ಅದಕ್ಕೆ ಹೊಸ ಶರೀರ ಬೇಕಾಯಿತು. ಆ ಶರೀರವೇ ಊರಿನ ನಿಧಿ. ಕ್ರಿ. ಶ. ೨೦೦ರ ಸುಮಾರಿಗೆ ಯೂದಾ ಎಂಬ ಗುರುವು ಸಂಕಲಿಸಿದ 'ಮಿಶ್ನಾ' ಎಂಬ ಶಾಸ್ತ್ರಸಂಗ್ರಹದಲ್ಲಿ ಇದರ ರೂಪ ಆಗಲೇ ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ಬಾಬಿಲೋನಿನ 'ತಾಲ್ಮೂದ್' ಅದನ್ನು ವಿಸ್ತರಿಸಿತು.

ವ್ಯವಸ್ಥೆಗೆ ಎರಡು ಅಂಗಗಳಿದ್ದವು. ಒಂದು 'ತಮ್‌ಹೂಯ್', ಎಂದರೆ ಹರಿವಾಣ. ಇದು ನಿತ್ಯದ ಅನ್ನ. ಯಾವ ಊರಿನಿಂದ ಬಂದ ಹಸಿದವನಿಗಾದರೂ ಸಲ್ಲತಕ್ಕುದು. ಇನ್ನೊಂದು 'ಕುಪ್ಪಾ', ಎಂದರೆ ಬುಟ್ಟಿ ಅಥವಾ ಪೆಟ್ಟಿಗೆ. ಇದು ಆ ಊರಿನ ಬಡವರಿಗಾಗಿ. ಪ್ರತಿ ಶುಕ್ರವಾರ, ಸಬ್ಬತ್ ದಿನದ ಮುನ್ನ, ಒಂದು ವಾರಕ್ಕೆ ಸಾಲುವಷ್ಟನ್ನು ಇದರಿಂದ ಕೊಡುತ್ತಿದ್ದರು. ಎರಡು ಹೊತ್ತಿನ ಊಟವುಳ್ಳವನು ಹರಿವಾಣಕ್ಕೆ ಕೈಯೊಡ್ಡಬಾರದು. ಹದಿನಾಲ್ಕು ಹೊತ್ತಿನ ಊಟ, ಎಂದರೆ ದಿನಕ್ಕೆ ಎರಡರಂತೆ ಒಂದು ವಾರದ ಊಟವುಳ್ಳವನು ಪೆಟ್ಟಿಗೆಯಿಂದ ತೆಗೆದುಕೊಳ್ಳಬಾರದು ಎಂದು ಮಿಶ್ನಾ ಗೆರೆ ಹಾಕಿತು. ಎಷ್ಟು ಖಚಿತವಾದ ಗೆರೆ! ಬಡತನವೆಂದರೇನೆಂದು ಊಟದ ಹೊತ್ತುಗಳಿಂದಲೇ ಅಳೆದಿದ್ದಾರೆ. ಬೇಡುವವನ ಗೋಳಿನ ಚಾತುರ್ಯಕ್ಕಾಗಲಿ, ಕೊಡುವವನ ಆ ಹೊತ್ತಿನ ಮನಸ್ಸಿಗಾಗಲಿ ಇಲ್ಲಿ ಅವಕಾಶವಿಲ್ಲ.

ಪೆಟ್ಟಿಗೆಯ ಹಣವನ್ನು ಎತ್ತಲು ಇಬ್ಬರು ಹೋಗಬೇಕು, ಹಂಚಲು ಮೂವರು ಕೂಡಬೇಕು. ಇದಕ್ಕೆ ಶಾಸ್ತ್ರಕಾರರು ಕೊಟ್ಟ ಕಾರಣ ಚಿಂತನಾರ್ಹವಾದುದು. ಹಣವೆತ್ತುವುದೆಂದರೆ ಊರಿನ ಮೇಲೆ ಅಧಿಕಾರ ನಡೆಸಿದಂತೆ. ಅಧಿಕಾರವು ಒಬ್ಬನ ಕೈಯಲ್ಲಿರಬಾರದು. ಹಂಚುವುದಾದರೋ ಯಾರಿಗೆಷ್ಟು ಸಲ್ಲಬೇಕೆಂದು ತೀರ್ಮಾನಿಸುವ ಕಾರ್ಯ. ಹಣದ ವ್ಯಾಜ್ಯವನ್ನು ತೀರಿಸಲು ಮೂವರು ನ್ಯಾಯಾಧೀಶರು ಹೇಗೆ ಬೇಕೋ ಹಾಗೆಯೇ ಇದಕ್ಕೂ ಮೂವರು ಬೇಕು. ದಾನ ಹಂಚುವ ಸ್ಥಳವನ್ನು ನ್ಯಾಯಸ್ಥಾನವೆಂದು ಎಣಿಸಿದ ಈ ದೃಷ್ಟಿ ಅಸಾಧಾರಣವಾದುದು. ಹಣವೆತ್ತುವ ಇಬ್ಬರು ಪೇಟೆಯಲ್ಲಿ ಒಬ್ಬರನ್ನೊಬ್ಬರು ಅಗಲಬಾರದು. ದಾರಿಯಲ್ಲಿ ಅವರಿಗೆ ನಾಣ್ಯ ಸಿಕ್ಕಿದರೆ ಅದನ್ನು ತಮ್ಮ ಜೇಬಿಗೆ ಹಾಕದೆ ಧರ್ಮದ ಚೀಲಕ್ಕೇ ಹಾಕಬೇಕು. ಆಮೇಲೆ ಮನೆಯಲ್ಲಿ ಹೊರತೆಗೆದುಕೊಳ್ಳಬಹುದು. ನೋಡಿದವರು ತಪ್ಪು ತಿಳಿಯದಿರಲೆಂದು ಈ ಎಚ್ಚರಿಕೆ. ಪೆಟ್ಟಿಗೆಯ ಚಿಲ್ಲರೆಯನ್ನು ಬದಲಾಯಿಸಬೇಕಾದರೆ ಬೇರೆಯವರೊಡನೆ ಬದಲಾಯಿಸಬೇಕು, ತಮ್ಮ ಸ್ವಂತ ಹಣದೊಡನೆ ಕೂಡದು. ಇಂಥ ಧರ್ಮದರ್ಶಿಗಳಿಂದ ಲೆಕ್ಕ ಕೇಳಬೇಕಾಗಿಲ್ಲವೆಂದು ತಾಲ್ಮೂದ್ ಹೇಳಿತು. ಆದರೆ ೧೬ನೆಯ ಶತಮಾನದಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಧರ್ಮಶಾಸ್ತ್ರಜ್ಞ ಮೋಶೆ ಇಸ್ಸರ್ಲಿಸ್ ಎಂಬವನು, ದೇವರ ಮುಂದೆಯೂ ಜನರ ಮುಂದೆಯೂ ನಿರ್ಮಲರಾಗಿರುವುದಕ್ಕಾಗಿ ಕೇಳದಿದ್ದರೂ ಲೆಕ್ಕ ಒಪ್ಪಿಸುವುದೇ ಒಳ್ಳೆಯದೆಂದು ತೀರ್ಮಾನಿಸಿದನು. ನಂಬಿಕೆ ಜನರ ಕರ್ತವ್ಯ, ಲೆಕ್ಕ ಧರ್ಮದರ್ಶಿಯ ಕರ್ತವ್ಯ. ಎರಡೂ ಒಂದರೊಡನೊಂದು ಸೇರಿಯೇ ನಡೆಯತಕ್ಕವು.

ಯಾರು ಕೊಡಬೇಕು? ಊರಿಗೆ ಹೊಸದಾಗಿ ಬಂದವನು ಮೂವತ್ತು ದಿನ ನೆಲಸಿದರೆ ನಿತ್ಯದ ಹರಿವಾಣಕ್ಕೂ, ಮೂರು ತಿಂಗಳಾದರೆ ಪೆಟ್ಟಿಗೆಗೂ, ಆರು ತಿಂಗಳಾದರೆ ಬಡವರ ಬಟ್ಟೆಗೂ, ಒಂಬತ್ತು ತಿಂಗಳಾದರೆ ಶವಸಂಸ್ಕಾರದ ನಿಧಿಗೂ ಕೊಡಬೇಕು. ಹನ್ನೆರಡು ತಿಂಗಳು ಕಳೆದ ಮೇಲೆ ಊರಿನ ಕೋಟೆಗೋಡೆಗಳ ವೆಚ್ಚಕ್ಕೂ ಅವನ ಪಾಲು ಸಲ್ಲಬೇಕು. ಓದುಗರು ಇಲ್ಲಿ ಕ್ರಮವನ್ನು ಗಮನಿಸಬೇಕು. ಮನುಷ್ಯನು ಒಂದು ಊರಿನವನಾಗುವುದು ಮನೆ ಕಟ್ಟಿದ್ದರಿಂದಲ್ಲ, ಆ ಊರಿನ ಹಸಿವಿನಲ್ಲಿ ಪಾಲುಗೊಂಡುದರಿಂದ. ಇನ್ನೂ ವಿಶೇಷವಾದ ನಿಯಮವೆಂದರೆ, ಪೆಟ್ಟಿಗೆಯಿಂದ ಪಡೆದು ಬದುಕುವ ಬಡವನೂ ಪಡೆದುದರಲ್ಲಿ ಅಷ್ಟನ್ನು ಕೊಡಬೇಕು ಎಂಬುದು. ಮೇಲುನೋಟಕ್ಕೆ ಇದು ಕ್ರೂರವೆನಿಸೀತು. ಆದರೆ ಕೊಡುವ ಅಧಿಕಾರವೇ ಇಲ್ಲದವನು ಸಮುದಾಯದಲ್ಲಿ ಪೂರ್ಣ ಮನುಷ್ಯನಾಗಿ ಉಳಿಯಲಾರನು. ಅವನಿಂದ ಆ ಗೌರವವನ್ನು ಕಸಿಯಬಾರದೆಂಬುದೇ ನಿಯಮದ ತಾತ್ಪರ್ಯ.

ಕೊಡುವವನು ಎಷ್ಟು ಕೊಡಬೇಕೆಂಬುದಕ್ಕೂ ಮಿತಿಯಿತ್ತು. ಆದಾಯದ ಹತ್ತನೆಯ ಒಂದು ಭಾಗ ಮಧ್ಯಮ ಪ್ರಮಾಣ. ಐದನೆಯ ಒಂದು ಭಾಗವನ್ನು ಮೀರಬಾರದೆಂದು ಗಲಿಲಾಯದ ಊಷಾ ಎಂಬಲ್ಲಿ ಕೂಡಿದ ಗುರುಗಳು ವಿಧಿಸಿದರೆಂದು ತಾಲ್ಮೂದ್ ತಿಳಿಸುತ್ತದೆ. ಎಲ್ಲವನ್ನೂ ಕೊಟ್ಟು ನಾಳೆ ತಾನೇ ಪೆಟ್ಟಿಗೆಯ ಮುಂದೆ ನಿಲ್ಲುವುದು ಧರ್ಮವಾಗದು.

ಇನ್ನು ಪೆಟ್ಟಿಗೆಯೇಕೆ ಎಂಬ ಪ್ರಶ್ನೆಗೆ ಬರೋಣ. ಯೆರೂಸಲೇಮಿನ ದೇವಾಲಯದಲ್ಲಿ 'ಮೌನಿಗಳ ಕೊಠಡಿ' ಎಂಬುದೊಂದಿತ್ತೆಂದು ಮಿಶ್ನಾ ಸ್ಮರಿಸುತ್ತದೆ. ಪಾಪಭೀರುಗಳು ಅಲ್ಲಿಗೆ ಹೋಗಿ ಗುಟ್ಟಾಗಿ ಹಾಕುತ್ತಿದ್ದರು. ಒಳ್ಳೆಯ ಮನೆತನದಲ್ಲಿ ಹುಟ್ಟಿ ಬಡವರಾದವರು ಅಲ್ಲಿಂದ ಗುಟ್ಟಾಗಿ ಪಡೆಯುತ್ತಿದ್ದರು. ಇವರನ್ನು ಅವರರಿಯರು, ಅವರನ್ನು ಇವರರಿಯರು. ೧೨ನೆಯ ಶತಮಾನದ ಮಹಾಪಂಡಿತನೂ ವೈದ್ಯನೂ ಆದ ಮೋಶೆ ಬೆನ್ ಮೈಮೋನ್, ಎಂದರೆ ಮೈಮೊನಿಡಿಸ್, ತನ್ನ ಧರ್ಮಸಂಹಿತೆಯಲ್ಲಿ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ್ದಾನೆ. ಮುಖ ಸಿಂಡರಿಸಿಕೊಂಡು ಕೊಡುವುದು ಎಲ್ಲಕ್ಕೂ ಕೆಳಗಿನ ಮೆಟ್ಟಿಲು. ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲು ಕೊಟ್ಟೋ, ಉದ್ಯೋಗ ದೊರಕಿಸಿಯೋ ಒಬ್ಬನು ಮತ್ತೆ ಕೈಯೊಡ್ಡದಂತೆ ಮಾಡುವುದು ಎಲ್ಲಕ್ಕೂ ಮೇಲಿನದು. ಅದರ ಮರುಮೆಟ್ಟಿಲೇ ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಪರಿಚಯವಿಲ್ಲದ ದಾನ. ಊರಿನ ಪೆಟ್ಟಿಗೆಗೆ ಹಾಕುವುದನ್ನು ಅವನು ಇದರ ಸಮೀಪದಲ್ಲಿಯೇ ಇಟ್ಟಿದ್ದಾನೆ, ಆದರೆ ಧರ್ಮದರ್ಶಿಯು ನಂಬಿಕೆಗೆ ಯೋಗ್ಯನೂ ವಿವೇಕಿಯೂ ಆಗಿರಬೇಕೆಂಬ ನಿರ್ಬಂಧದೊಡನೆ. ಬಾಗಿಲಲ್ಲಿ ಕೊಟ್ಟರೆ ಬಡವನು ಒಂದು ಮುಖದ ಮುಂದೆ ತಲೆ ತಗ್ಗಿಸಬೇಕು. ಪೆಟ್ಟಿಗೆಯ ಮುಂದೆ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಧರ್ಮಪೆಟ್ಟಿಗೆಯಿಲ್ಲದ ಯೆಹೂದ್ಯ ಸಮುದಾಯವನ್ನು ತಾನು ಕಂಡಿಲ್ಲ, ಕೇಳಿಯೂ ಇಲ್ಲವೆಂಬ ಅರ್ಥದ ಮಾತನ್ನು ಮೈಮೊನಿಡಿಸ್ ಬರೆದಿದ್ದಾನೆ.

ಶಾಸ್ತ್ರದಲ್ಲಿ ಬರೆದುದೆಲ್ಲ ಲೋಕದಲ್ಲಿ ನಡೆಯುತ್ತದೆಯೇ ಎಂದು ಇತಿಹಾಸದ ವಿದ್ಯಾರ್ಥಿಯು ಕೇಳಲೇಬೇಕು. ಅದೃಷ್ಟವಶಾತ್ ಇದಕ್ಕೆ ಬಲವಾದ ಸಾಕ್ಷ್ಯ ದೊರೆತಿದೆ. ಹಳೆಯ ಕೈರೋದ ಫುಸ್ತಾತ್ ಎಂಬಲ್ಲಿ ಬೆನ್ ಎಜ್ರಾ ಸಭಾಮಂದಿರದ ಒಂದು ಕೊಠಡಿಯಲ್ಲಿ, ದೇವರ ನಾಮವಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ಕಾರಣದಿಂದ ಹಳೆಯ ಕಾಗದಗಳನ್ನೆಲ್ಲ ಶತಮಾನಗಳ ಕಾಲ ಹಾಕುತ್ತ ಬಂದಿದ್ದರು. ಇದಕ್ಕೆ 'ಗೆನೀಜಾ' ಎಂದು ಹೆಸರು. ೧೮೯೬-೯೭ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸನು ಅದರ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ತಂದನು. ಅದನ್ನು ದಶಕಗಳ ಕಾಲ ಅಭ್ಯಸಿಸಿದ ಎಸ್. ಡಿ. ಗಾಯ್ಟೈನ್ ಅವರು ೧೯೬೭ರಿಂದ ಪ್ರಕಟಿಸತೊಡಗಿದ ಬೃಹತ್ ಗ್ರಂಥದಲ್ಲಿಯೂ, ಮಾರ್ಕ್ ಕೋಹೆನ್ ಅವರು ೨೦೦೫ರಲ್ಲಿ ಪ್ರಕಟಿಸಿದ ಗ್ರಂಥಗಳಲ್ಲಿಯೂ ಈ ಧರ್ಮನಿಧಿಯ ನಿತ್ಯಜೀವನ ಕಣ್ಣಿಗೆ ಕಟ್ಟುವಂತಿದೆ. ವಂತಿಗೆ ಕೊಟ್ಟವರ ಪಟ್ಟಿಗಳು, ರೊಟ್ಟಿ ಪಡೆದವರ ಪಟ್ಟಿಗಳು, ಬಟ್ಟೆ ಹಂಚಿದ ಲೆಕ್ಕಗಳು, ಬಡವರೇ ಬರೆಸಿದ ಬಿನ್ನಹಗಳು ಅಲ್ಲಿವೆ. ಮಂಗಳವಾರ ಮತ್ತು ಶುಕ್ರವಾರ, ಹೀಗೆ ವಾರಕ್ಕೆರಡು ಸಲ ರೊಟ್ಟಿ ಹಂಚುತ್ತಿದ್ದರು. ಒಬ್ಬ ವಯಸ್ಕನಿಗೆ ವಾರಕ್ಕೆ ನಾಲ್ಕು ರೊಟ್ಟಿ ಸಾಮಾನ್ಯ ಪ್ರಮಾಣ. ಪಟ್ಟಿಗಳಲ್ಲಿ ವಿಧವೆಯರಿದ್ದಾರೆ, ಕುರುಡರಿದ್ದಾರೆ, ಅನಾಥರಿದ್ದಾರೆ, ಯುದ್ಧಗಳಿಂದ ನೆಲೆ ತಪ್ಪಿ ಬಂದ ಪರದೇಶಿಗಳಿದ್ದಾರೆ.

ನಿಧಿಯ ಮೇಲೆ ಬೀಳುತ್ತಿದ್ದ ಅತಿ ದೊಡ್ಡ ಭಾರವೆಂದರೆ ಸೆರೆಯಾಳುಗಳ ಬಿಡುಗಡೆ. ಕಡಲುಗಳ್ಳರೂ ಸೈನ್ಯಗಳೂ ಹಿಡಿದ ಜನರನ್ನು ಮಾರುತ್ತಿದ್ದ ಕಾಲವದು. ಮೂವರಿಗೆ ನೂರು ದೀನಾರು ಎಂಬುದು ರೂಢಿಯ ಬಿಡುಗಡೆ ಹಣವಾಗಿತ್ತು. ಎರಡು ದೀನಾರುಗಳಲ್ಲಿ ಸಾಧಾರಣ ಸಂಸಾರವೊಂದು ಒಂದು ತಿಂಗಳು ಬಾಳಬಹುದಾಗಿತ್ತೆಂದು ಗಾಯ್ಟೈನ್ ಲೆಕ್ಕ ಹಾಕಿದ್ದಾರೆ. ಎಂದರೆ ಒಬ್ಬ ಸೆರೆಯಾಳಿನ ಬೆಲೆ ಒಂದು ಸಂಸಾರದ ಒಂದು ವರ್ಷಕ್ಕೂ ಮೀರಿದ ವೆಚ್ಚ! ಇದು ಯಾವ ಒಬ್ಬ ದಾನಿಯ ಶಕ್ತಿಗೆ ಸಾಧ್ಯ? ೧೧೬೮ರಲ್ಲಿ ಕ್ರುಸೇಡಿನ ಅರಸ ಅಮಾಲ್ರಿಕನು ಈಜಿಪ್ಟಿನ ಬಿಲ್ಬೈಸ್ ಪಟ್ಟಣವನ್ನು ಹಿಡಿದಾಗ ಅಲ್ಲಿಯ ಯೆಹೂದ್ಯರು ಸೆರೆಯಾದರು. ಆಗ ಅವರ ಬಿಡುಗಡೆಗಾಗಿ ಊರೂರುಗಳಿಂದ ಹಣವೆತ್ತುವ ಪತ್ರಗಳನ್ನು ಹೊರಡಿಸಿದವನು ಮೈಮೊನಿಡಿಸನೇ. ಎಂಟು ಮೆಟ್ಟಿಲುಗಳನ್ನು ಬರೆದ ಕೈ ವಂತಿಗೆಯ ಪತ್ರಗಳನ್ನೂ ಬರೆಯಿತು.

ಇದೇ ಗೆನೀಜಾ ಕೊಠಡಿಯಲ್ಲಿ ನಮ್ಮ ನಾಡಿನ ಹೆಸರೂ ದೊರೆಯುತ್ತದೆಂದರೆ ಓದುಗರಿಗೆ ಆಶ್ಚರ್ಯವಾದೀತು. ಉತ್ತರ ಆಫ್ರಿಕದ ಮಹ್ದಿಯಾ ಎಂಬ ಊರಿನವನಾದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ೧೧೩೨ರ ಹೊತ್ತಿಗೆ ಮಂಗಳೂರಿನಲ್ಲಿದ್ದನು. ಆ ವರ್ಷ ಅಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಮೆಣಸು, ಅಡಿಕೆ, ಕಬ್ಬಿಣಗಳನ್ನು ಅವನು ಏಡನ್ನಿಗೆ ಕಳಿಸುತ್ತಿದ್ದನು. ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಯಾಗಾರವನ್ನೂ ನಡೆಸುತ್ತಿದ್ದನು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ದಾಸನೊಬ್ಬನ ಹೆಸರನ್ನು 'ಬೊಮ್ಮ' ಎಂದು ಓದಿ, ಅವನನ್ನು ತುಳುನಾಡಿನವನೆಂದು ಗುರುತಿಸಿ ಅಮಿತಾವ್ ಘೋಷ್ ಅವರು ೧೯೯೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ೧೧೪೯ರಲ್ಲಿ ಬೆನ್ ಯಿಜು ನಮ್ಮ ಕರಾವಳಿಯನ್ನು ಬಿಟ್ಟು ಏಡನ್ನಿಗೆ ಹೋದನು. ಅದರ ಹಿಂದಿನ ವರ್ಷವೇ ಸಿಸಿಲಿಯ ಅರಸ ರೋಜರನು ಮಹ್ದಿಯಾವನ್ನು ಗೆದ್ದಿದ್ದನು. ಅವನ ಒಡಹುಟ್ಟಿದವರು ನೆಲೆ ಕಳೆದುಕೊಂಡಿದ್ದರು. ಏಡನ್ನಿನಿಂದ ಅವನು ಅವರಿಗೆ ಬರೆದ ಪತ್ರದಲ್ಲಿ, ತಾನು ಗಳಿಸಿ ತಂದುದು ಎಲ್ಲರ ಬಾಳಿಗೂ ಸಾಕು, ಬಂದು ಸೇರಿರಿ ಎಂಬ ಕರೆಯಿದೆ.

ಭಕ್ತರೇ, ಯೋಚಿಸಿ. ಮಂಗಳೂರಿನ ಮೆಣಸಿನ ಲೆಕ್ಕವೂ, ಫುಸ್ತಾತಿನ ಬಡವರ ರೊಟ್ಟಿಯ ಲೆಕ್ಕವೂ ಒಂದೇ ಕೊಠಡಿಯಲ್ಲಿ ಎಂಟು ನೂರು ವರ್ಷಗಳಿಗೆ ಹತ್ತಿರ ಕಾಲ ಮಲಗಿದ್ದವು. ಆ ಶತಮಾನದಲ್ಲಿಯೇ ನಮ್ಮ ಕಲ್ಯಾಣದಲ್ಲಿ ಬಸವಾದಿ ಪ್ರಮಥರು ಕಾಯಕ ಮತ್ತು ದಾಸೋಹಗಳನ್ನು ಬಾಳಿನ ತತ್ತ್ವವಾಗಿ ನಿಲ್ಲಿಸಿದರು. ಇವರಿಗೂ ಅವರಿಗೂ ಪರಿಚಯವಿತ್ತೆಂಬುದಕ್ಕೆ ಆಧಾರವಿಲ್ಲ. ಇತ್ತೆಂದು ಕಲ್ಪಿಸಿದರೆ ಅದು ಇತಿಹಾಸವಾಗದು. ಒಂದೇ ಕಾಲದಲ್ಲಿ, ಒಂದೇ ಕಡಲಿನ ಎರಡು ಕಡೆಗಳಲ್ಲಿ, ಹಸಿವಿನ ಪ್ರಶ್ನೆಯನ್ನು ಎರಡು ಸಮುದಾಯಗಳು ಇಷ್ಟು ಗಂಭೀರವಾಗಿ ತೆಗೆದುಕೊಂಡವೆಂಬ ಸಂಗತಿಯೇ ನಮಗೆ ಸಾಕು.

ಮುಂದಿನ ಶತಮಾನಗಳಲ್ಲಿ ನಿಧಿಯು ನಾನಾ ಶಾಖೆಗಳಾಗಿ ಹಬ್ಬಿತು. ೧೬೧೫ರಲ್ಲಿ ಆಮ್ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯೆಹೂದ್ಯರು ಅನಾಥ ಮತ್ತು ಬಡ ಕನ್ಯೆಯರ ವಿವಾಹಕ್ಕಾಗಿಯೇ ಒಂದು ಸಂಘವನ್ನು ಕಟ್ಟಿದರು. ಆದರೆ ಈ ನಿಧಿಯ ರಾಜಕೀಯ ಮಹತ್ವವನ್ನು ತೋರಿಸುವ ಪ್ರಸಂಗ ನಡೆದುದು ಅಮೆರಿಕದಲ್ಲಿ. ೧೬೫೪ರಲ್ಲಿ ಬ್ರೆಜಿಲಿನ ರೆಸಿಫೆಯಿಂದ ಓಡಿ ಬಂದ ೨೩ ಯೆಹೂದ್ಯರು, ಈಗ ನ್ಯೂಯಾರ್ಕ್ ಆಗಿರುವ ನ್ಯೂ ಆಮ್ಸ್ಟರ್‌ಡ್ಯಾಮಿನಲ್ಲಿ ಇಳಿದರು. ಅಲ್ಲಿಯ ಅಧಿಕಾರಿ ಪೀಟರ್ ಸ್ಟೈವೆಸೆಂಟನು ಅವರನ್ನು ಹೊರಡಿಸಬೇಕೆಂದನು. ಡಚ್ ಕಂಪನಿಯವರು ೧೬೫೫ರಲ್ಲಿ, ಅವರಲ್ಲಿಯ ಬಡವರು ಕಂಪನಿಗಾಗಲಿ ಊರಿಗಾಗಲಿ ಭಾರವಾಗದೆ ತಮ್ಮ ಜನರಿಂದಲೇ ಪೋಷಿತರಾಗಬೇಕೆಂಬ ಷರತ್ತಿನ ಮೇಲೆ ಇರಗೊಟ್ಟರು. ನೋಡಿರಿ, ಅಲ್ಲಿ ಒಬ್ಬ ಬಡವನು ಬೀದಿಗೆ ಬಿದ್ದರೆ ಇಡೀ ಸಮುದಾಯದ ನೆಲೆಯೇ ಅಲುಗುತ್ತಿತ್ತು. ಪೆಟ್ಟಿಗೆಗೆ ಹಾಕುವ ನಾಣ್ಯವು ಬಡವನ ರೊಟ್ಟಿಯೂ ಹೌದು, ಎಲ್ಲರ ನೆಲೆಯ ಬಾಡಿಗೆಯೂ ಹೌದು.

ಹೊಗಳಿಕೆಯ ಭರದಲ್ಲಿ ದೋಷವನ್ನು ಮರೆಮಾಡಬಾರದು. ೧೮೫೯ರಲ್ಲಿ ಲಂಡನ್ನಿನಲ್ಲಿ ಯೆಹೂದ್ಯ ಬಡವರ ಪೋಷಕ ಮಂಡಲಿ ಸ್ಥಾಪನೆಯಾಯಿತು. ೧೮೮೧ರಿಂದ ರಷ್ಯಾ ಸಾಮ್ರಾಜ್ಯದಲ್ಲಿ ಹಿಂಸೆಗೆ ಗುರಿಯಾದ ಜನ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದಾಗ ಈ ಮಂಡಲಿ ಅನೇಕರಿಗೆ ನೆರವಾಯಿತು. ಆದರೆ ಬರಬೇಡಿರೆಂದು ಪೂರ್ವ ಯೂರೋಪಿನ ಪತ್ರಿಕೆಗಳಲ್ಲಿ ಎಚ್ಚರಿಕೆಯನ್ನೂ ಹೊರಡಿಸಿತು, ಸಾವಿರಾರು ಜನರನ್ನು ಹಿಂದಕ್ಕೂ ಕಳಿಸಿತು. ನೆಲೆಯೂರಿದ ಶ್ರೀಮಂತರಿಗೆ ಹೊಸ ಬಡವರಿಂದ ತಮ್ಮ ಮಾನ ಕುಂದೀತೆಂಬ ಭಯ ಹೊಕ್ಕಿತ್ತು. ಬಡವನ ಹಕ್ಕಿಗಾಗಿ ಹುಟ್ಟಿದ ನಿಧಿಯು ಕೊಡುವವರ ಗೌರವವನ್ನು ಕಾಯುವ ನಿಧಿಯಾಗುವ ಅಪಾಯ ಯಾವಾಗಲೂ ಇದ್ದೇ ಇರುತ್ತದೆ. ಇದು ಯೆಹೂದ್ಯರಿಗೆ ಮಾತ್ರ ಸಂಬಂಧಿಸಿದ ಅಪಾಯವಲ್ಲ.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಬಡವರು ಬೇರೊಂದು ದಾರಿ ಹಿಡಿದರು. ೧೮೯೨ರಲ್ಲಿ ಕೆಲವು ವಲಸೆಗಾರರು ೯೫ ಡಾಲರುಗಳನ್ನು ಕೂಡಿಸಿ ಬಡ್ಡಿಯಿಲ್ಲದ ಸಾಲ ಕೊಡುವ ಸಂಘವನ್ನು ತೆರೆದರು. ತಲೆಗಾಡಿಯಲ್ಲಿ ಸರಕು ಮಾರುವವನಿಗೂ ಹೊಲಿಗೆಯವನಿಗೂ ಸಣ್ಣ ಸಾಲ. ತೀರಿದ ಹಣ ಮತ್ತೊಬ್ಬನಿಗೆ. ಆ ಸಂಘ ಇಂದಿಗೂ ನಡೆಯುತ್ತಿದೆ. ಮೈಮೊನಿಡಿಸನ ಎಂಟನೆಯ ಮೆಟ್ಟಿಲು ಹೀಗೆ ತೊಂಬತ್ತೈದು ಡಾಲರುಗಳಲ್ಲಿ ಪ್ರತ್ಯಕ್ಷವಾಯಿತು. ಕೈಗೆ ಅನ್ನಕ್ಕಿಂತ ಕಾಯಕವನ್ನು ಕೊಡುವುದು ಮಿಗಿಲೆಂಬುದು ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಹೊಸ ಮಾತಲ್ಲ.

೧೮೯೫ರಲ್ಲಿ ಬಾಸ್ಟನ್ ನಗರದ ಯೆಹೂದ್ಯ ಧರ್ಮಸಂಸ್ಥೆಗಳು ಬೇರೆ ಬೇರೆಯಾಗಿ ಮನೆಮನೆ ತಿರುಗುವುದನ್ನು ಬಿಟ್ಟು ಒಂದು ಒಕ್ಕೂಟವನ್ನು ಕಟ್ಟಿದವು. ಮರುವರ್ಷ ಸಿನ್ಸಿನಾಟಿ ಅದನ್ನೇ ಮಾಡಿತು. ಒಂದೇ ವಂತಿಗೆ, ಅದರಿಂದ ವೃದ್ಧಾಶ್ರಮ, ಆಸ್ಪತ್ರೆ, ಶಾಲೆ, ನಿರಾಶ್ರಿತರ ಪೋಷಣೆ ಮೊದಲಾದವುಗಳಿಗೆ ಆಯಾ ಅಗತ್ಯದಂತೆ ಹಂಚಿಕೆ. ಇಂದು ಉತ್ತರ ಅಮೆರಿಕದ ನೂರಕ್ಕೂ ಹೆಚ್ಚು ಕಡೆಗಳಲ್ಲಿ ಇಂಥ ಒಕ್ಕೂಟಗಳಿವೆ. ಊರಿನ ನಿಧಿಯೆಂದರೆ ಊರಿನ ಎಲ್ಲೆಯೊಳಗೇ ಕುರುಡಾದ ನಿಧಿಯೆಂದು ತಿಳಿಯಬಾರದು. ೧೯೧೪ರಲ್ಲಿ ತುರ್ಕಿಯಲ್ಲಿದ್ದ ಅಮೆರಿಕದ ರಾಯಭಾರಿ ಹೆನ್ರಿ ಮಾರ್ಗೆಂಥೋ ಪ್ಯಾಲೆಸ್ಟೈನಿನ ಯೆಹೂದ್ಯರ ಹಸಿವಿಗಾಗಿ ೫೦,೦೦೦ ಡಾಲರು ಬೇಕೆಂದು ತಂತಿ ಕಳಿಸಿದಾಗ ಆ ಹಣ ಬೇಗ ಕೂಡಿಬಂದಿತು. ಅದರಿಂದಲೇ ಪರದೇಶಗಳ ನೆರವಿಗಾಗಿ 'ಜಾಯಿಂಟ್' ಎಂದು ಹೆಸರಾದ ಸಂಸ್ಥೆ ಹುಟ್ಟಿತು. ಊರಿನಲ್ಲಿ ಕೊಡುವ ಅಭ್ಯಾಸವಿದ್ದವರ ಕೈ ದೂರದ ಕರೆಗೆ ಬೇಗ ಚಾಚುತ್ತದೆ.

ಈ ಇತಿಹಾಸದ ಅತಿ ಕತ್ತಲೆಯ ಪುಟ ವಾರ್ಸಾದ್ದು. ೧೯೪೦ರ ನವೆಂಬರಿನಲ್ಲಿ ನಾಜಿಗಳು ಅಲ್ಲಿಯ ಯೆಹೂದ್ಯರ ಕೇರಿಗೆ ಗೋಡೆ ಮುಚ್ಚಿದರು. ಒಳಗೆ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ. ಇತಿಹಾಸಕಾರ ಎಮ್ಯಾನುಯೆಲ್ ರಿಂಗೆಲ್‌ಬ್ಲಂ ಮೊದಲಾದವರು ಸ್ವಸಹಾಯ ಸಂಘವನ್ನು ನಡೆಸಿದರು. ವಠಾರ ವಠಾರದಲ್ಲಿ ಸಮಿತಿಗಳಾದವು, ಗಂಜಿಕೇಂದ್ರಗಳಾದವು. ಲೆಶ್ನೊ ಬೀದಿಯ ಕೇಂದ್ರವನ್ನು ರಾಖೆಲ್ ಆವರ್‌ಬಾಖ್ ಎಂಬ ಲೇಖಕಿ ನಡೆಸಿದರು. ಆದರೆ ಗಂಜಿ ಸಾಲದು. ಎಲ್ಲರಿಗೂ ಒಂದೊಂದು ಸೌಟು ಕೊಟ್ಟರೆ ಯಾರೂ ಉಳಿಯರು, ಕೆಲವರಿಗೆ ಹೊಟ್ಟೆ ತುಂಬ ಕೊಟ್ಟರೆ ಉಳಿದವರ ಗತಿಯೇನು ಎಂಬ ದಾರುಣ ಪ್ರಶ್ನೆಯನ್ನು ರಿಂಗೆಲ್‌ಬ್ಲಂ ತನ್ನ ಟಿಪ್ಪಣಿಗಳಲ್ಲಿ ಎತ್ತಿದ್ದಾನೆ. ೧೯೪೨ರ ಜುಲೈಯಿಂದ ಜನರನ್ನು ಟ್ರೆಬ್ಲಿಂಕಾದ ಕೊಲೆಗೂಡಿಗೆ ಸಾಗಿಸತೊಡಗಿದರು. ೧೯೪೪ರಲ್ಲಿ ರಿಂಗೆಲ್‌ಬ್ಲಂನೂ ಹತನಾದನು. ಅವನೂ ಅವನ ಸಂಗಡಿಗರೂ ನೆಲದಲ್ಲಿ ಹೂತಿಟ್ಟ ಕಾಗದಪತ್ರಗಳು ೧೯೪೬ರಲ್ಲಿ ತವರದ ಪೆಟ್ಟಿಗೆಗಳಲ್ಲಿಯೂ, ೧೯೫೦ರಲ್ಲಿ ಹಾಲಿನ ಕ್ಯಾನುಗಳಲ್ಲಿಯೂ ದೊರೆತವು. ಧರ್ಮನಿಧಿಯು ಅವರ ಪ್ರಾಣವನ್ನು ಉಳಿಸಲಾರದೆ ಹೋಯಿತು. ಹಾಗಾದರೆ ಅದು ವ್ಯರ್ಥವಾಯಿತೇ? ನಾವು ಹಾಗೆ ತಿಳಿಯೆವು. ಮನುಷ್ಯರನ್ನು ಮೃಗಗಳಾಗಿಸಲು ಹೂಡಿದ ಸಂಚಿನ ನಡುವೆಯೂ ಸಾಲುಹಿಡಿದು ಅಳೆದು ಹಂಚಿದ ಆ ಸೌಟು, ನ್ಯಾಯವೆಂಬುದು ಕೊನೆಯ ದಿನದವರೆಗೂ ಸಾಧ್ಯವೆಂದು ಸಾರಿತು.

ನಮ್ಮ ದೇಶದ ಮಾತನ್ನೂ ಹೇಳಬೇಕು. ನಾಜಿಗಳಿಂದ ತಪ್ಪಿಸಿಕೊಂಡು ಬಂದವರಿಗಾಗಿ ೧೯೩೪ರಲ್ಲಿ ಮುಂಬಯಿಯಲ್ಲಿ ಯೆಹೂದ್ಯ ಪರಿಹಾರ ಸಂಘ ಹುಟ್ಟಿತು. ಬಂದವರು ಸರಕಾರಕ್ಕೆ ಭಾರವಾಗದಂತೆ ತಾವು ನೋಡಿಕೊಳ್ಳುತ್ತೇವೆಂದು ಅದು ಹೊಣೆ ನಿಂತಿತು. ನ್ಯೂ ಆಮ್ಸ್ಟರ್‌ಡ್ಯಾಮಿನ ಹಳೆಯ ಷರತ್ತೇ ಮತ್ತೊಂದು ಕಡಲತೀರದಲ್ಲಿ ಮರಳಿ ಬಂದಿತು. ಇನ್ನು, ಸ್ವಜನರಿಗೆ ಮಾತ್ರವೇ ಈ ಧರ್ಮವೇ ಎಂದು ಕೇಳುವವರಿಗೆ ಶಾಸ್ತ್ರದಲ್ಲಿಯೇ ಉತ್ತರವಿದೆ. ನಿನ್ನ ಊರಿನ ಬಡವರು ಮೊದಲೆಂದು ತಾಲ್ಮೂದ್ ಹೇಳುತ್ತದೆ. ಶಾಂತಿಯ ಮಾರ್ಗವೆಂದು ಯೆಹೂದ್ಯ ಬಡವರೊಡನೆ ಅನ್ಯ ಬಡವರನ್ನೂ ಪೋಷಿಸಬೇಕೆಂದೂ ಅದೇ ಹೇಳುತ್ತದೆ. ಬಾಗ್ದಾದಿನಿಂದ ಬಂದು ೧೮೩೨ರ ಸುಮಾರಿಗೆ ಮುಂಬಯಿಯಲ್ಲಿ ನೆಲೆಸಿದ ಡೇವಿಡ್ ಸಸೂನನ ದಾನದಿಂದ ೧೮೬೭ರಲ್ಲಿ ಪುಣೆಯಲ್ಲಿ ತೆರೆದ ಆಸ್ಪತ್ರೆಯಲ್ಲಿ ಇಂದಿಗೂ ಜಾತಿ ಮತಗಳನ್ನೆಣಿಸದೆ ಬಡ ರೋಗಿಗಳು ಚಿಕಿತ್ಸೆ ಪಡೆಯುತ್ತಿದ್ದಾರೆ.

ಇಷ್ಟರಿಂದ ಮೊದಲು ಎತ್ತಿದ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಊರಿನ ಪೆಟ್ಟಿಗೆಗೇಕೆ? ಬಡವನ ಮುಖ ಉಳಿಯಲೆಂದು; ಒಬ್ಬನ ಶಕ್ತಿಗೆ ಮೀರಿದ ಭಾರವನ್ನು ಎ‌ಲ್ಲರೂ ಹೊರಲೆಂದು; ಕೊಡುವವನ ಮನಸ್ಸು ಬಂದ ದಿನವಲ್ಲದೆ ಹಸಿದವನಿಗೆ ಬೇಕಾದ ದಿನ ಅನ್ನ ಸಿಗಲೆಂದು. ತನ್ನ ಊರಿಗೇಕೆ? ಅಲ್ಲಿಯ ಹಸಿವನ್ನು ತಾನು ಕಣ್ಣಾರೆ ಅರಿಯಬಲ್ಲನು, ಅಲ್ಲಿಯ ಧರ್ಮದರ್ಶಿಯಿಂದ ಲೆಕ್ಕ ಕೇಳಬಲ್ಲನು. ಆ ಊರೇ ಅವನನ್ನು ಊರಿನವನನ್ನಾಗಿ ಮಾಡಿತು.

ತ್ಸೆದಾಕಾ ಮತ್ತು ದಾಸೋಹ ಒಂದೇ ಅಲ್ಲ. ಅಲ್ಲಿ ಕೊಡುವವನು ದೇವರ ಆಜ್ಞೆಗೆ ಒಳಪಟ್ಟು ಬಾಕಿ ತೀರಿಸುತ್ತಾನೆ. ಇಲ್ಲಿ ಕೊಡುವವನು ತಾನು ಕೊಡುವವನೆಂಬ ಭಾವವನ್ನೇ ಕಳೆದುಕೊಂಡು ಪಡೆಯುವವನಲ್ಲಿ ಶಿವನನ್ನು ಕಾಣುತ್ತಾನೆ. ಆದರೆ ಎರಡೂ ದಾನಿಯ ಅಹಂಕಾರವನ್ನು ಶತ್ರುವೆಂದು ಗುರುತಿಸಿವೆ. ಪ್ರಸಾದನಿಲಯಗಳಲ್ಲಿ ಉಂಡು ಓದಿ, ಇಂದು ಅಧಿಕಾರಿಗಳೂ ವೈದ್ಯರೂ ಉಪಾಧ್ಯಾಯರೂ ವ್ಯಾಪಾರಿಗಳೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಒಂದು ಮಾತನ್ನು ನೆನೆಯಬೇಕು. ನಿಮ್ಮ ತಟ್ಟೆಗೆ ಬಂದ ಜೋಳವನ್ನೋ ರಾಗಿಯನ್ನೋ ಕೊಟ್ಟ ರೈತನ ಹೆಸರು ನಿಮಗೆ ತಿಳಿಯದು. ಅವನಿಗೂ ನಿಮ್ಮ ಹೆಸರು ತಿಳಿಯದು. ಆ ಕಾರಣದಿಂದಲೇ ನೀವು ಯಾರ ಮುಂದೆಯೂ ತಲೆ ತಗ್ಗಿಸದೆ ಉಂಡಿರಿ. ಜಾತ್ರೆಯ ದಿನ ದೊಡ್ಡ ಮೊತ್ತ ಕೊಟ್ಟು ಕಲ್ಲಿನಲ್ಲಿ ಹೆಸರು ಕೆತ್ತಿಸುವವರು ಈಗ ಹೆಚ್ಚು. ತಿಂಗಳು ತಿಂಗಳೂ ಗೊತ್ತಾದ ದಿನ ಹೆಸರಿಲ್ಲದೆ ಚಿಕ್ಕ ಪಾಲನ್ನು ಸಲ್ಲಿಸುವವರು ಕಡಿಮೆ. ಕಲ್ಲು ವರ್ಷಕ್ಕೊಮ್ಮೆ ಹೂಮಾಲೆ ಕೇಳುತ್ತದೆ; ಹಸಿವು ದಿನಕ್ಕೆ ಎರಡು ಸಲ ಬರುತ್ತದೆ.

ಆದುದರಿಂದ ನಿಮ್ಮ ಊರಿನಲ್ಲಿ ಯಾವ ದಾಸೋಹನಿಧಿಯಿದೆಯೋ, ಯಾವ ವಿದ್ಯಾರ್ಥಿನಿಧಿಯಿದೆಯೋ ಅದಕ್ಕೆ ನಿಮ್ಮ ಆದಾಯದಲ್ಲಿ ಇಷ್ಟೆಂದು ಗೊತ್ತುಮಾಡಿ, ತಪ್ಪದೆ ಸಲ್ಲಿಸಿರಿ. ಸಲ್ಲಿಸಿದ ಮೇಲೆ ಅದರ ಲೆಕ್ಕವನ್ನು ಸಂಕೋಚವಿಲ್ಲದೆ ಕೇಳಿರಿ. ಮಠದ ನಿಧಿಯಾದರೂ ಕೇಳಿರಿ, ಲೆಕ್ಕ ಒಪ್ಪಿಸುವುದು ನಮ್ಮ ಕರ್ತವ್ಯ. ಸಾಧ್ಯವಾದರೆ ಒಬ್ಬ ಹುಡುಗನಿಗೋ ಹುಡುಗಿಗೋ ಮತ್ತೆ ಕೈಯೊಡ್ಡದಂಥ ಕಾಯಕವೊಂದನ್ನು ದೊರಕಿಸಿರಿ. ಹೊಲದ ಮೂಲೆಯನ್ನು ಬಿಡುವ ವಿಧಿ ಹೊಲವಿಲ್ಲದವರಲ್ಲಿಯೂ ಬಾಳಿ ಬಂದಿದೆ. ಮಠದ ಪಂಕ್ತಿಯಿಂದ ಎದ್ದು ಹೋದವರಲ್ಲಿ ಆ ಪಂಕ್ತಿ ಮುಂದುವರಿಯಲಿ.